ಆ ವರ್ಷ ಭಂಡಾರ ಒಡೆದವರು

ಆಗೆಲ್ಲ ನಮ್ಮ ವಠಾರಕ್ಕೆ ದಿನ ಬಿಟ್ಟು ದಿನ ನೀರು ಬರುತ್ತಿತ್ತು. ಬೆಳಗಿನ ಐದು ಗಂಟೆಗೆ ಅಂಗಳದ ನಲ್ಲಿ ಒಂದಿಷ್ಟು ಗಾಳಿ ಉಗುಳಿ ಗೊರಗೊರ ಅನ್ನುವ ಹೊತ್ತಿಗೆ ಎಂಟು ಮನೆಯ ಬಿಂದಿಗೆಗಳೂ ಸಾಲು ಹಿಡಿದಿರುತ್ತಿದ್ದವು. ಯಾರು ಸಾಲು ತಪ್ಪಿಸಿದರು, ಯಾರ ಮನೆಗೆ ನೆಂಟರು ಬಂದರು, ಯಾರು ಯಾರೊಡನೆ ಮಾತು ಬಿಟ್ಟರು ಎಂಬುದೆಲ್ಲ ಅಲ್ಲೇ ತಿಳಿಯುತ್ತಿತ್ತು. ರಾಜಾಜಿನಗರದ ವಠಾರಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಟ್ಟು ಎಂಬುದು ಅಲ್ಲಿ ಯಾರಿಗೂ ಇರಲಿಲ್ಲ. ಎಂಬತ್ತರ ದಶಕದ ಮೊದಲ ಭಾಗದ ಒಂದು ಮಳೆಗಾಲದಲ್ಲಿ, ಜೂನ್ ತಿಂಗಳಿಂದ ಭೀಮನ ಅಮಾವಾಸ್ಯೆಯವರೆಗೆ, ನನಗೊಂದಿತ್ತು. ಆಗ ನನಗೆ ಹದಿನಾಲ್ಕು ವರ್ಷ. ಒಂಬತ್ತನೇ ಕ್ಲಾಸು.

ನಮ್ಮದು ಮೂರನೇ ಮನೆ. ಅಪ್ಪ ಒಂದು ಗಿರಣಿಯ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅವರು, ಅಮ್ಮ, ನಾನು. ನನಗೆ ಒಡಹುಟ್ಟಿದವರಿಲ್ಲ. ವಠಾರದವರೆಲ್ಲ ನನ್ನನ್ನು ಪುಟ್ಟಿ ಎಂದೇ ಕರೆಯುತ್ತಿದ್ದರು. ಅಂಗಳದ ಕೊನೆಯಲ್ಲಿ, ನೆಲ್ಲಿಮರದ ಪಕ್ಕ, ಒಂದು ಒಂಟಿ ಕೋಣೆ ಇತ್ತು. ಮನೆಗಳ ಒಡತಿ ಜಯಮ್ಮನನ್ನು ನಾವೆಲ್ಲ ಓನರಮ್ಮ ಅನ್ನುತ್ತಿದ್ದೆವು. ಮದುವೆಯಾಗದ ಗಂಡಸರಿಗೆ ಆಕೆ ಎಂದೂ ಜಾಗ ಕೊಟ್ಟವರಲ್ಲ. ಆ ವರ್ಷ ಯುಗಾದಿಯ ಹೊತ್ತಿಗೆ, ನೆಂಟರೊಬ್ಬರ ಮಾತಿಗೆ ಕಟ್ಟುಬಿದ್ದು, ಮೊದಲ ಸಲ ಆ ಕೋಣೆಯನ್ನು ಗಂಗಾಧರ ಎಂಬ ಯುವಕರಿಗೆ ಕೊಟ್ಟರು. ಕುಣಿಗಲ್ ಕಡೆಯವರು, ಇಪ್ಪತ್ತನಾಲ್ಕರ ಆಸುಪಾಸು. ಲಗ್ಗೆರೆ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಿಷನ್ನಿನ ಕೆಲಸ. ಇನ್ನೂ ಕಾಯಂ ಆಗಿರಲಿಲ್ಲ.

ಬೀಗದ ಕೈ ಕೊಡುವಾಗ ಓನರಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದರು: "ನೋಡಪ್ಪಾ, ಇದು ಸಂಸಾರಸ್ಥರು ಇರೋ ಜಾಗ. ತಲೆ ಬಗ್ಗಿಸ್ಕೊಂಡು ಹೋಗ್ಬೇಕು, ತಲೆ ಬಗ್ಗಿಸ್ಕೊಂಡು ಬರ್ಬೇಕು. ಒಂದ್ ಮಾತು ನನ್ ಕಿವಿಗೆ ಬಿತ್ತೋ, ನಿನ್ ಪೆಟ್ಟಿಗೆ ಬೀದೀಲಿರತ್ತೆ."

"ಆಯ್ತಮ್ಮಾ," ಅಂದಿದ್ದರು ಗಂಗಾಧರ. ಹಾಗೆಯೇ ತಲೆ ಬಗ್ಗಿಸಿಕೊಂಡೇ ಓಡಾಡುತ್ತಿದ್ದರು.

ನನ್ನ ಹುಚ್ಚು ಶುರುವಾದ ದಿನ ನನಗೆ ಖಚಿತವಾಗಿ ಗೊತ್ತಿದೆ. ಶಾಲೆ ತೆರೆದ ಮೊದಲ ವಾರ. ಸಂಜೆ ಬರುವಾಗ ಮಳೆಯಲ್ಲಿ ಹವಾಯಿ ಚಪ್ಪಲಿಯ ಪಟ್ಟಿ ಕಿತ್ತು ಬಂತು. ಒಂದು ಕಾಲನ್ನು ಎಳೆಯುತ್ತ ಬರುತ್ತಿದ್ದೆ. ಹಿಂದಿನಿಂದ ಬಂದ ಗಂಗಾಧರ ಸೈಕಲ್ ಇಳಿದು, ಚಪ್ಪಲಿಯನ್ನು ಕೈಯಲ್ಲಿ ತೆಗೆದುಕೊಂಡು, ಅಂಗಿಯ ಗುಂಡಿಯ ಜಾಗಕ್ಕೆ ಹಾಕಿಕೊಂಡಿದ್ದ ಪಿನ್ನನ್ನು ಬಿಚ್ಚಿ, ಪಟ್ಟಿಯನ್ನು ಕೆಳಗಿನಿಂದ ಸಿಕ್ಕಿಸಿ ಕೊಟ್ಟರು. "ಮನೆವರೆಗೂ ಬರತ್ತೆ, ನಡಿ," ಎಂದು ಹೇಳಿ ಹೊರಟುಹೋದರು. ಅವರ ಕೈಯಿಂದ ಮಿಷನ್ನಿಗೆ ಹಾಕುವ ಎಣ್ಣೆಯ ವಾಸನೆ ಬರುತ್ತಿತ್ತು. ಒಟ್ಟು ಎರಡು ನಿಮಿಷದ ಸಂಗತಿ. ಅವರು ಅದನ್ನು ಅಂದೇ ಮರೆತಿರಬೇಕು.

ನನಗೆ ಮಾತ್ರ ಆ ದಿನದಿಂದ ವಠಾರದಲ್ಲಿ ಅವರೊಬ್ಬರೇ ಕಾಣತೊಡಗಿದರು. ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಸೈಕಲ್ಲಿನ ಸ್ಟ್ಯಾಂಡು ತೆಗೆಯುವ ಸದ್ದು. ಸಂಜೆ ಐದೂವರೆಗೆ ಗೇಟಿನ ಬಳಿ ಒಂದು ಸಲ ಬೆಲ್ಲು. ಎರಡು ಸಲ ಬಾರಿಸಿದ ದಿನ ಅದು ನನಗಾಗಿಯೇ ಎಂದುಕೊಳ್ಳುತ್ತಿದ್ದೆ. ನೀಲಿ ಅಂಗಿ ಒಣಗಲು ಹಾಕಿದರೆ ಅದಕ್ಕೊಂದು ಅರ್ಥ, ಹಾಕದಿದ್ದರೆ ಇನ್ನೊಂದು. ಗೆಳತಿಯರು ಕುಂಟೆಬಿಲ್ಲೆಗೆ ಕರೆದರೆ ಹೋಗುತ್ತಿರಲಿಲ್ಲ, ಚೌಕಾಬಾರಕ್ಕೆ ಹೋಗುತ್ತಿದ್ದೆ. ಅದನ್ನು ಆಡುತ್ತಿದ್ದ ಜಗಲಿಯಿಂದ ಅವರ ಬಾಗಿಲು ಕಾಣುತ್ತಿತ್ತು. ಕವಡೆ ಎಸೆಯುವಾಗ ಮನಸ್ಸಿನಲ್ಲೇ ಪಣ ಕಟ್ಟುತ್ತಿದ್ದೆ: ನಾಲ್ಕು ಬಿದ್ದರೆ ಇವತ್ತು ಈ ಕಡೆ ನೋಡುತ್ತಾರೆ. ಬೀಳದಿದ್ದರೆ ಆ ಎಸೆತ ಲೆಕ್ಕಕ್ಕಿಲ್ಲ.

ಒಮ್ಮೆ ಗೇಟಿನಲ್ಲಿ ಎದುರಾದಾಗ ಅವರು "ಏನ್ ವೀಣಾ, ಸ್ಕೂಲಿಲ್ವಾ ಇವತ್ತು?" ಎಂದು ಕೇಳಿದರು. ವೀಣಾ ಪಕ್ಕದ ಮನೆಯ ಕಮಲಾ ಆಂಟಿಯ ಮಗಳು, ನನ್ನ ಕ್ಲಾಸೇ. ನನಗೂ ಅವಳಿಗೂ ಅವರಿಗೆ ವ್ಯತ್ಯಾಸ ತಿಳಿದಿರಲಿಲ್ಲ ಎಂಬುದು ಯಾರಿಗಾದರೂ ಹೊಳೆಯುವ ವಿಷಯ. ನಾನು ಮಾತ್ರ, ಬೇರೆಯವರಿಗೆ ಅನುಮಾನ ಬಾರದಿರಲೆಂದು ಬೇಕೆಂದೇ ಹೆಸರು ಬದಲಿಸಿದ್ದಾರೆ ಎಂದು ತೀರ್ಮಾನಿಸಿದೆ. ಆ ರೀತಿಯ ಬುದ್ಧಿ ಆಗ ನನ್ನಲ್ಲಿ ಬೇಕಾದಷ್ಟಿತ್ತು. ಗಣಿತದ ಪರೀಕ್ಷೆಯಲ್ಲಿ ಮಾತ್ರ ಮೂವತ್ತೊಂದು ಬಂದಿತ್ತು.

ಸಂತೋಷವಾಗಿತ್ತೆಂದು ಹೇಳಲಾರೆ. ಎದೆಯಲ್ಲಿ ಸದಾ ಒಂದು ಭಯ. ಐದೂವರೆ ಐದು ಮುಕ್ಕಾಲಾದರೆ ನೆವ ಹುಡುಕಿ ಗೇಟಿನವರೆಗೆ ಹೋಗಿಬರುತ್ತಿದ್ದೆ. ಅಮ್ಮ ತಂದಿಟ್ಟ ನೇರಳೆಹಣ್ಣು ಬಟ್ಟಲಲ್ಲೇ ಒಣಗುತ್ತಿತ್ತು. ಅವರು ಬಂದ ಮೇಲೂ ಸಮಾಧಾನ ಅರ್ಧ ಗಂಟೆ ಮಾತ್ರ; ಆಮೇಲೆ ಮರುದಿನದ ಏಳು ಇಪ್ಪತ್ತರ ಚಿಂತೆ.

ಗಂಗಾಧರರ ಹತ್ತಿರ ಬಾಯಿ ಸೀಳಿದ ಒಂದು ಹಸಿರು ಪ್ಲಾಸ್ಟಿಕ್ ಕೊಡ ಇತ್ತು. ನೀರು ಬರುವ ದಿನ ಅದನ್ನು ಸಾಲಿನಲ್ಲಿಟ್ಟು ಕೋಣೆಗೆ ಹೋಗಿ ಅಡುಗೆ ಮಾಡಿಕೊಳ್ಳುತ್ತಿದ್ದರು. ನಾನು ನಮ್ಮ ಬಿಂದಿಗೆಗಳ ಜೊತೆಗೆ ಅದನ್ನೂ ತುಂಬಿ ಪಕ್ಕಕ್ಕಿಡತೊಡಗಿದೆ. ಓನರಮ್ಮನೋ ಯಾರೋ ತುಂಬಿಸುತ್ತಾರೆಂದು ಅವರು ತಿಳಿದಿದ್ದಿರಬೇಕು. ನಲ್ಲಿಯ ಹತ್ತಿರ ಕಣ್ಣುಗಳಿಗೇನು ಕಡಿಮೆ?

"ಏನೇ ಪುಟ್ಟಿ, ನಿಮ್ಮನೇಗೆ ಹಸಿರು ಕೊಡ ಯಾವಾಗ ಬಂತೇ?" ಎಂದು ಒಂದು ದಿನ ಕಮಲಾ ಆಂಟಿ ಎಲ್ಲರೆದುರು ಕೇಳಿದರು. "ನಮ್ ವೀಣಂಗೆ ಹೇಳ್ಬೇಕು. ಮನೆ ಕೊಡ ತುಂಬೋಕೇ ಅವಳ ಸೊಂಟ ನೋಯತ್ತೆ."

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅಮ್ಮ ನಗಲಿಲ್ಲ, ಬಯ್ಯಲೂ ಇಲ್ಲ. ಮುಂದಿನ ಸರದಿಯಿಂದ ತಾನೇ ನಲ್ಲಿಗೆ ಬಂದಳು. "ನೀನು ಮಲಕ್ಕೋ, ಸ್ವಲ್ಪ ಓದ್ಕೋ," ಅಂದಳು ಅಷ್ಟೇ.

ಜುಲೈ ಮೊದಲಲ್ಲಿ ಗಂಗಾಧರರ ಕಾರ್ಖಾನೆಗೆ ಯಾವುದೋ ದೊಡ್ಡ ಆರ್ಡರ್ ಬಂತು. ಬೆಳಗಾಗುವ ಮೊದಲೇ ಹೋಗಿ, ನಾವು ಊಟ ಮಾಡಿ ಬಾಗಿಲು ಹಾಕಿದ ಮೇಲೆ ಬರತೊಡಗಿದರು. ಆರು ದಿನ ಅವರು ನನ್ನ ಕಣ್ಣಿಗೆ ಬೀಳಲಿಲ್ಲ. ಏಳನೆಯ ದಿನ, ಶುಕ್ರವಾರ, ಊಟದ ಬಿಡುವಿನ ನಂತರ ಹೊಟ್ಟೆನೋವೆಂದು ಟೀಚರಿಗೆ ಸುಳ್ಳು ಹೇಳಿ ಶಾಲೆಯಿಂದ ಹೊರಬಿದ್ದೆ. ಪೀಣ್ಯದ ಕಡೆ ಹೋಗುವ ಬಸ್ಸು ಹತ್ತಿದೆ. ಕಾರ್ಖಾನೆಯ ಹೆಸರು ಅವರ ಟಿಫಿನ್ ಚೀಲದ ಮೇಲೆ ಇತ್ತು. ಕೇಳಿಕೊಂಡು ಕೇಳಿಕೊಂಡು ಹೋದೆ.

ತಗಡಿನ ಛಾವಣಿಯ ಶೆಡ್ಡು. ಒಳಗಿಂದ ಕಬ್ಬಿಣ ಕೊರೆಯುವ ಕೀರಲು ಸದ್ದು. ಗೇಟಿನ ಪಕ್ಕ ಸುರುಳಿ ಸುರುಳಿಯಾದ ಕಬ್ಬಿಣದ ಚೂರುಗಳ ಗುಡ್ಡೆ ಮಳೆಗೆ ತುಕ್ಕು ಹಿಡಿಯುತ್ತಿತ್ತು. ಎದುರಿನ ಹೊಂಗೆಮರದ ಕೆಳಗೆ, ಸ್ಕೂಲ್ ಬ್ಯಾಗನ್ನು ಎದೆಗೆ ಒತ್ತಿಕೊಂಡು ಒಂದೂವರೆ ಗಂಟೆ ನಿಂತೆ. ಟೀ ಅಂಗಡಿಯವನು ಮೂರು ಸಲ ನೋಡಿದ. ಲಾರಿಯ ಕ್ಲೀನರನೊಬ್ಬ ಏನೋ ಅಂದು ನಕ್ಕ. ಕಾಲು ಥಂಡಿಗೆ ಜೋಮು ಹಿಡಿದಿತ್ತು. ಮನೆಗೆ ಹೇಗೆ ವಾಪಸ್ಸು ಹೋಗುವುದು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ನಾಲ್ಕೂವರೆಗೆ ಟೀ ಬಿಡುವಿನ ಗಂಟೆ ಹೊಡೆಯಿತು. ನಾಲ್ಕೈದು ಜನರ ಜೊತೆ ಗಂಗಾಧರ ಹೊರಬಂದರು. ಜೋರಾಗಿ ನಗುತ್ತಿದ್ದರು. "ಲೋ ಮಗಾ, ನೀನ್ ಕೊರೆದ ಪೀಸು ರಿಜೆಕ್ಟ್ ಆದ್ರೆ ನಾನೇನೋ ಮಾಡ್ಲಿ?" ಎಂದು ಒಬ್ಬನ ಬೆನ್ನಿಗೆ ಹೊಡೆದರು. ವಠಾರದಲ್ಲಿ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಲ್ಲಿ ನಗುತ್ತಿದ್ದವರು ನನಗೆ ಪರಿಚಯವೇ ಇಲ್ಲದ ಯಾರೋ ಒಬ್ಬರು. ಒಂದು ಕ್ಷಣ ಓಡಿಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ನನ್ನನ್ನು ಕಂಡರು. ನಗು ನಿಂತಿತು.

"ಏನಮ್ಮಾ, ನೀನಿಲ್ಲಿ? ಮನೇಲೇನಾದ್ರೂ ಆಯ್ತಾ? ಅಪ್ಪ ಅಮ್ಮ ಹುಷಾರಾಗಿದಾರಾ?"

ತಲೆಯಾಡಿಸಿದೆ.

"ಮತ್ತೆ? ಬಸ್ಸಲ್ಲಿ ನಿದ್ದೆ ಮಾಡ್ಬಿಟ್ಯಾ? ಸ್ಟಾಪು ತಪ್ಪಿತಾ?"

ಅದಕ್ಕೂ ಹೌದೆಂದೇ ತಲೆಯಾಡಿಸಿದೆ.

"ಗುರು, ಸೂಪರ್‌ವೈಸರಿಗೆ ಹೇಳ್ಬಿಡು," ಎಂದು ಅವರು ಜೊತೆಯವನಿಗೆ ಹೇಳಿದರು. "ನಮ್ ವಠಾರದ ಮಗು. ದಾರಿ ತಪ್ಪಿ ಬಂದ್ಬಿಟ್ಟಿದೆ. ಬಿಟ್ಟು ಬರ್ತೀನಿ."

ಮಗು ಎಂಬ ಆ ಮಾತು ನನ್ನನ್ನು ಎಚ್ಚರಿಸಬೇಕಾಗಿತ್ತು. ಎಚ್ಚರಿಸಲಿಲ್ಲ. ಜಿನುಗುಮಳೆಯಲ್ಲಿ ಅವರ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಬಂದೆ. "ಸ್ಪ್ರಿಂಗ್ ಹಿಡ್ಕೋಬೇಡ, ಬೆರಳು ಸಿಕ್ಕೊಳ್ಳತ್ತೆ. ಸೀಟಿನ ಕೆಳಗೆ ಕಬ್ಬಿಣ ಹಿಡ್ಕೋ," ಎಂದರು. ಊರಲ್ಲಿ ತಮಗೂ ನನ್ನಷ್ಟೇ ವಯಸ್ಸಿನ ತಂಗಿ ಇದ್ದಾಳೆ, ಕೆಲಸ ಕಾಯಂ ಆದ ಮೇಲೆ ಅವಳನ್ನೂ ತಾಯಿಯನ್ನೂ ಇಲ್ಲಿಗೆ ಕರೆಸಿಕೊಳ್ಳಬೇಕು, ಅಂದರು. ನಾನು ಒಂದನ್ನೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ದಾರಿ ಇನ್ನೂ ಉದ್ದ ಇರಲಿ ಎಂಬುದೊಂದೇ ಪ್ರಾರ್ಥನೆ.

ವಠಾರದ ಗೇಟು ದಾಟಿದಾಗ ಅಂಗಳ ತುಂಬ ಜನ. ಶಾಲೆ ಬಿಟ್ಟು ಬಂದ ವೀಣಾ "ಪುಟ್ಟಿಗೆ ಹೊಟ್ಟೆನೋವು ಹೇಗಿದೆ?" ಎಂದು ನಮ್ಮ ಮನೆಗೆ ಕೇಳಲು ಹೋಗಿದ್ದಳಂತೆ. ಹಾಗೆ ಎಲ್ಲ ಬಯಲಾಗಿತ್ತು. ಅಪ್ಪ ಕಚೇರಿಯಿಂದ ಆಗಷ್ಟೇ ಬಂದು, ಶೂ ಕೂಡ ಬಿಚ್ಚದೆ, ಹುಡುಕಲು ಹೊರಟಿದ್ದರು. ಆ ಹೊತ್ತಿಗೆ ನಾನು ಕ್ಯಾರಿಯರ್ ಮೇಲಿಂದ ಇಳಿದೆ.

"ನನ್ ಫ್ಯಾಕ್ಟ್ರಿ ಹತ್ರ ಸಿಕ್ಕಿದ್ಲು ಸಾರ್. ಬಸ್ಸಲ್ಲಿ ದಾರಿ ತಪ್ಪಿ..." ಎಂದು ಗಂಗಾಧರ ಶುರುಮಾಡಿದರು.

"ಲಗ್ಗೆರೆಯಲ್ಲಿ?" ಕಮಲಾ ಆಂಟಿ ಬಾಯಿ ಹಾಕಿದರು. "ಸ್ಕೂಲಿಂದ ಮನೆಗೆ ನಡ್ಕೊಂಡ್ ಬರೋ ಹುಡುಗಿ ಬಸ್ಸು ಹತ್ತಿ ಅಲ್ಲೀವರೆಗೂ ದಾರಿ ತಪ್ಪಿದ್ಲಾ? ಕೇಳ್ರೀ ಜಯಮ್ಮಾ."

ಅಪ್ಪ ನನ್ನ ಕಡೆ ತಿರುಗಿದರು. "ಇವನು ನಿನ್ನ ಕರೆದನಾ?"

ನಾನು ನೆಲ ನೋಡಿದೆ.

"ಹೇಳು. ಬಾ ಅಂತ ಕರೆದನಾ?"

ಒಂದು ಮಾತು ಸಾಕಿತ್ತು. ಆ ಮಾತು ಹೊರಡಲಿಲ್ಲ. ನನ್ನ ಮೌನವನ್ನು ಅವರೆಲ್ಲ ಉತ್ತರವೆಂದು ತೆಗೆದುಕೊಂಡರು. ಗಂಗಾಧರರ ಮುಖ ಬಿಳಿಚಿಕೊಂಡದ್ದನ್ನು ನೋಡಿದೆ. "ಅಮ್ಮಾ, ದೇವ್ರಾಣೆ ನನಗೇನೂ ಗೊತ್ತಿಲ್ಲ," ಎಂದು ಓನರಮ್ಮನಿಗೆ ಕೈಮುಗಿದರು. ಓನರಮ್ಮ ಕೇಳಲಿಲ್ಲ. ತಿಂಗಳ ಕೊನೆಯೊಳಗೆ ಕೋಣೆ ಖಾಲಿಯಾಗಬೇಕು ಎಂದರು. ಅಪ್ಪ ಅಷ್ಟಕ್ಕೇ ಬಿಡುವವರಲ್ಲ. ಸೋಮವಾರ ಕಾರ್ಖಾನೆಗೇ ಹೋಗಿ ಮಾಲೀಕರ ಮುಂದೆ ಹೇಳುತ್ತೇನೆ, ಇಂಥವನಿಗೆ ಕೆಲಸ ಹೇಗೆ ಕೊಡುತ್ತಾರೋ ನೋಡುತ್ತೇನೆ, ಎಂದರು.

ಶನಿವಾರ, ಭಾನುವಾರ. ನನ್ನ ಜೀವನದಲ್ಲಿ ನಾನು ಅತ್ಯಂತ ಕೆಟ್ಟವಳಾಗಿದ್ದ ಎರಡು ದಿನ ಅವು. ಹೆದರಿ ಸುಮ್ಮನಿದ್ದೆ ಎಂದು ಬರೆದರೆ ಅದು ಅರ್ಧ ಸತ್ಯ. ಇನ್ನರ್ಧ ಹೇಳಲು ಇಷ್ಟು ವರ್ಷ ಬೇಕಾಯಿತು. ವಠಾರದವರು ನನ್ನ ಹೆಸರನ್ನೂ ಅವರ ಹೆಸರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಒಳಗೆ ಗೋಡೆಗೆ ಒರಗಿ ಕೂತು ನಾನದನ್ನು ಕೇಳಿಸಿಕೊಳ್ಳುತ್ತಿದ್ದೆ. ಒಂದು ತಿಂಗಳಿಗೂ ಮೇಲೆ ನನ್ನ ತಲೆಯೊಳಗಷ್ಟೇ ಇದ್ದದ್ದು ಈಗ ಹೊರಗಿನವರ ಬಾಯಲ್ಲಿ ನಿಜವಾಗುತ್ತಿತ್ತು. "ಅವರು ಏನೂ ಮಾಡಲಿಲ್ಲ" ಎಂದರೆ ಏನೂ ಇರಲಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ಬೆಲ್ಲಿಗೆ ಅರ್ಥವಿರಲಿಲ್ಲ, ನೀಲಿ ಅಂಗಿಗೆ ಅರ್ಥವಿರಲಿಲ್ಲ. ಅದನ್ನು ಒಪ್ಪುವುದಕ್ಕಿಂತ ಒಬ್ಬರ ಕೆಲಸ ಹೋಗುವುದು ನನಗೆ ಸಣ್ಣ ವಿಷಯವಾಗಿ ಕಂಡಿತು.

ಭಾನುವಾರ ಅಮ್ಮ ಎಂದಿನಂತೆ ತಲೆಗೆ ಹರಳೆಣ್ಣೆ ಒತ್ತಿದಳು. ಬಚ್ಚಲಲ್ಲಿ ಸೀಗೆಪುಡಿಯ ಘಾಟು, ಒಲೆಯ ಹೊಗೆ. ನನಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅವಳು ಆ ಸಮಯವನ್ನು ಬೇಕೆಂದೇ ಆರಿಸಿಕೊಂಡಿದ್ದಳು ಅನ್ನಿಸುತ್ತದೆ.

"ಆ ಹುಡುಗ ಏನೂ ಮಾಡಿಲ್ಲ ಅಂತ ನಂಗೊತ್ತು," ಅಂದಳು.

ಕಣ್ಣಿಗಿಳಿದ ಸೀಗೆನೀರನ್ನು ಒರೆಸಿಕೊಂಡೆ.

"ಕೊಡ ತುಂಬಿದ್ದು ಯಾರು ಅಂತ ನೋಡಿಲ್ವಾ ನಾನು? ನಿನ್ನ ಬಯ್ಯಲ್ಲ ಕಣೇ. ನಿನ್ ವಯಸ್ಸು ನಂಗೂ ಆಗಿತ್ತು. ಆದ್ರೆ ನಿಮ್ಮಪ್ಪಂಗೆ ನೀನೇ ಹೇಳ್ಬೇಕು. ನಾನ್ ಹೇಳಿದ್ರೆ ಅದು ಊಹೆ ಆಗತ್ತೆ. ನೀನ್ ಹೇಳಿದ್ರೆ ನಿಜ ಆಗತ್ತೆ."

"ಹೇಳದೆ ಇದ್ರೆ?"

ಅಮ್ಮ ಒಂದು ಚೊಂಬು ಬಿಸಿನೀರು ಹುಯ್ದಳು. "ನಾಳೆ ಹತ್ತು ಗಂಟೆಗೆ ಅವನ ಕೆಲಸ ಹೋಗತ್ತೆ. ಆಮೇಲೆ ನೀನು ಅವನನ್ನ ಇನ್ನೂ ಜಾಸ್ತಿ ನೆನೆಸ್ಕೋತೀಯ. ಬಿಟ್ಟುಹೋಗೋದೇ ಇಲ್ಲ ಅದು."

ಸೋಮವಾರ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು. ಕಚೇರಿಗೆ ಅರ್ಧ ದಿನ ರಜೆ ಹಾಕಿದ್ದರು. ಒಂದೊಂದೇ ಗುಂಡಿ ಹಾಕುತ್ತಿದ್ದಾರೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ, ಬಾಯಿ ಬಿಡುತ್ತಿಲ್ಲ. ಕೊನೆಯ ಗುಂಡಿ. ಅಪ್ಪ ಚಪ್ಪಲಿಗೆ ಕಾಲು ಹಾಕಿದರು.

"ಅಪ್ಪಾ, ಅವ್ರು ಕರೀಲಿಲ್ಲ."

ಅವರು ತಿರುಗಿದರು.

"ನಾನೇ ಹೋದೆ. ಅವ್ರಿಗೆ ಏನೂ ಗೊತ್ತಿಲ್ಲ. ಅವ್ರಿಗೆ... ನನ್ ಹೆಸರೂ ಗೊತ್ತಿಲ್ಲಪ್ಪಾ. ನನ್ನ ವೀಣಾ ಅನ್ಕೊಂಡಿದಾರೆ."

ಹೊಡೆಯುತ್ತಾರೆಂದು ಕಾದೆ. ಅಪ್ಪ ಹೊಸಿಲ ಮೇಲೆ ಕೂತುಬಿಟ್ಟರು. ಬಹಳ ಹೊತ್ತಾದ ಮೇಲೆ ಎದ್ದು ಅಂಗಿ ಬಿಚ್ಚಿ ಮೊಳೆಗೆ ಹಾಕಿದರು. ಹದಿನೈದು ದಿನ ನನ್ನೊಡನೆ ಮಾತಾಡಲಿಲ್ಲ.

ಕೆಲಸ ಉಳಿಯಿತು. ಕೋಣೆ ಉಳಿಯಲಿಲ್ಲ. ತಪ್ಪು ತಿಳಿವಳಿಕೆ ಆಯಿತು, ಆ ಹುಡುಗನದೇನೂ ಇಲ್ಲ ಎಂದು ಅಪ್ಪ ಓನರಮ್ಮನಿಗೆ ಹೇಳಿದರು. ನಡೆದದ್ದನ್ನು ಪೂರ್ತಿ ಹೇಳಿದರೆ ನನ್ನ ಹೆಸರು ನಲ್ಲಿಯ ಕಟ್ಟೆಯ ಮೇಲೆ ಬೀಳುತ್ತಿತ್ತು. ಅರ್ಧ ಹೇಳಿದ್ದಕ್ಕೆ ಓನರಮ್ಮ ಬಗ್ಗಲಿಲ್ಲ. "ಇರಬಹುದು ಮೇಷ್ಟ್ರೇ," ಎಂದರು. ಅಪ್ಪ ಮೇಷ್ಟ್ರಾಗಿರಲಿಲ್ಲ, ಓದುಬರಹ ಬಲ್ಲವರೆಲ್ಲ ಆಕೆಗೆ ಮೇಷ್ಟ್ರೇ. "ಆದ್ರೆ ಜನದ ಬಾಯಿಗೆ ನಾನು ಬೀಗ ಹಾಕೋಕಾಗತ್ತಾ? ಹೋಗ್ಲಿ ಬಿಡಿ, ಬೇರೆ ಕಡೆ ನೋಡ್ಕೋತಾನೆ."

ತಿಂಗಳು ಮುಗಿಯುವ ಮುಂಚೆ ಭೀಮನ ಅಮಾವಾಸ್ಯೆ ಇತ್ತು. ಅಂದು ನಮ್ಮ ಕಡೆ ಹೆಂಗಸರು ಗಂಡನ ಆಯುಸ್ಸಿಗಾಗಿ, ಮದುವೆಯಾಗದ ಹುಡುಗಿಯರು ಒಳ್ಳೆಯ ಗಂಡನಿಗಾಗಿ ದೀಪದ ಕಂಬಕ್ಕೆ ಪೂಜೆ ಮಾಡಿ, ಅರಿಸಿನದ ದಾರ ಕಟ್ಟಿಕೊಳ್ಳುತ್ತಾರೆ. ಪೂಜೆಯ ಕೊನೆಗೆ ಭಂಡಾರ. ಗಟ್ಟಿ ಹಿಟ್ಟಿನ ಉಂಡೆಯೊಳಗೆ ನಾಣ್ಯ ಮುಚ್ಚಿ ಹೊಸಿಲ ಮೇಲಿಡುತ್ತಾರೆ. ಅಣ್ಣನೋ ತಮ್ಮನೋ ಬಂದು ಮೊಣಕೈಯಿಂದ ಅದನ್ನು ಒಡೆದು, ಹುಡುಗಿಯ ಬೆನ್ನಿಗೊಂದು ಹಗುರ ಗುದ್ದು ಕೊಟ್ಟು ಹರಸಬೇಕು. ನನಗೆ ಅಣ್ಣತಮ್ಮಂದಿರಿಲ್ಲದ್ದರಿಂದ ಪ್ರತಿ ವರ್ಷ ಕೆಂಗೇರಿಯಿಂದ ಚಿಕ್ಕಪ್ಪನ ಮಗ ಬರುತ್ತಿದ್ದ. ಆ ವರ್ಷ ಯಾರನ್ನು ನೆನೆದು ಪೂಜೆ ಮಾಡಬೇಕೆಂದು ನಾನು ಜೂನ್‌ನಲ್ಲೇ ನಿಶ್ಚಯಿಸಿದ್ದೆ.

ಹಬ್ಬಕ್ಕೆ ಐದು ದಿನ ಇರುವಾಗ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದಳು.

"ಈ ಸಲ ಕೆಂಗೇರಿಗೆ ಹೇಳಿ ಕಳಿಸಿಲ್ಲ. ಗಂಗಾಧರನ್ನ ಕರೀಬೇಕು ಅಂತಿದೀನಿ."

ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅರ್ಥವಾದಾಗ "ಬೇಡಮ್ಮಾ" ಎಂದು ಅಳತೊಡಗಿದೆ.

"ಬೇಡ ಅಂದ್ರೆ ಬೇಡ. ಬಲವಂತ ಮಾಡಲ್ಲ," ಅಂದಳು ಅಮ್ಮ. ತಣ್ಣಗಿನ ದನಿ. "ಆದ್ರೆ ನಮ್ಮ ಹೊಸಿಲಲ್ಲಿ ಕೂತು ಭಂಡಾರ ಒಡೆದವನ ಮೇಲೆ ಈ ವಠಾರದಲ್ಲಿ ಯಾರೂ ಮಾತಾಡಲ್ಲ. ಒಡೀದೆ ಇದ್ರೆ ಅವನು ಪೆಟ್ಟಿಗೆ ಹೊತ್ಕೊಂಡು ಹೋಗೋದನ್ನ ನೀನು ಇದೇ ಬಾಗಿಲಲ್ಲಿ ನಿಂತು ನೋಡ್ಬೇಕು. ಯಾವ್ದು ಬೇಕು ಹೇಳು."

ಎರಡು ದಿನ ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಮೂರನೆಯ ದಿನ ಶಾಲೆಗೆ ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತ, ಅವಳ ಮುಖ ನೋಡದೆ "ಕರಿ" ಅಂದೆ.

ಅಮ್ಮ ಕರೆದ ರೀತಿಯನ್ನೂ ಹೇಳಬೇಕು. ನೀರು ಬರುವ ದಿನ, ಎಂಟು ಮನೆಯವರೂ ಅಂಗಳದಲ್ಲಿದ್ದಾಗ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನೇರವಾಗಿ ಒಂಟಿ ಕೋಣೆಯ ಬಾಗಿಲಿಗೆ ಹೋದಳು. "ಗಂಗಾಧರಪ್ಪಾ, ನಮ್ ಪುಟ್ಟಿಗೆ ಅಣ್ಣತಮ್ಮ ಅಂತ ಯಾರೂ ಇಲ್ಲ. ಅವತ್ತು ದಾರಿ ತಪ್ಪಿದಾಗ ಅಣ್ಣನ ಹಾಗೆ ಮನೆ ಸೇರಿಸ್ದೆ. ಅಮಾವಾಸ್ಯೆ ದಿನ ನೀನೇ ಬಂದು ಭಂಡಾರ ಒಡೀಬೇಕು. ಜಯಮ್ಮಾ, ನೀವೂ ಬರ್ಬೇಕು. ಕಮಲಾ, ನೀನೂ."

ನಲ್ಲಿಯ ಸದ್ದೊಂದೇ ಕೇಳುತ್ತಿತ್ತು. ಕೋಣೆಯೊಳಗಿಂದ ಗಂಗಾಧರ ಏನೆಂದರೋ ನನಗೆ ಕೇಳಿಸಲಿಲ್ಲ. ಅವರು ಕಣ್ಣೊರೆಸಿಕೊಂಡದ್ದು ಕಂಡಿತು.

ಅಮಾವಾಸ್ಯೆಯ ದಿನ ಮನೆಯೆಲ್ಲ ತುಪ್ಪದ ಬತ್ತಿಯ, ತಂಬಿಟ್ಟಿನ ವಾಸನೆ. ಪೂಜೆಗೆ ಕೂತಾಗ ನಾನು ಯಾರನ್ನೂ ನೆನೆಯಲಿಲ್ಲ. ನೆನೆಯದಿರುವುದಕ್ಕೇ ನನ್ನ ಶಕ್ತಿಯೆಲ್ಲ ಖರ್ಚಾಗುತ್ತಿತ್ತು. ಅಮ್ಮ ಮಣಿಕಟ್ಟಿಗೆ ದಾರ ಕಟ್ಟಿದಳು. ಬಾಗಿಲ ಹೊರಗೆ ಓನರಮ್ಮ, ಕಮಲಾ ಆಂಟಿ, ವೀಣಾ. ಅಪ್ಪ ಒಂದು ಮೂಲೆಯಲ್ಲಿ.

ಗಂಗಾಧರ ತೊಳೆದ ಪಂಚೆಯುಟ್ಟು ಬಂದು ಹೊಸಿಲ ಬಳಿ ಕುಕ್ಕರಗಾಲಲ್ಲಿ ಕೂತರು. ಮೊಣಕೈ ಎತ್ತಿ ಹೊಡೆದರು. ಭಂಡಾರ ಒಡೆಯಲಿಲ್ಲ. ಅಮ್ಮ ಕಣಕ ಗಟ್ಟಿಯಾಗಿ ಕಲಸಿದ್ದಳು. ಮತ್ತೊಮ್ಮೆ ಹೊಡೆದರು. ಇಲ್ಲ.

"ಏನಪ್ಪಾ, ನಿನ್ ಲೇತ್ ಮಿಷನ್ ತರಿಸ್ಬೇಕಾ?" ಎಂದರು ಕಮಲಾ ಆಂಟಿ.

ಮೊದಲು ಓನರಮ್ಮ ನಕ್ಕರು. ಆಮೇಲೆ ಎಲ್ಲರೂ. ಗಂಗಾಧರರೂ ನಕ್ಕರು, ಕಾರ್ಖಾನೆಯ ಗೇಟಿನಲ್ಲಿ ನಕ್ಕ ಹಾಗೆ. ಹತ್ತು ದಿನದಿಂದ ಆ ಅಂಗಳದಲ್ಲಿ ಕಟ್ಟಿಕೊಂಡಿದ್ದದ್ದೇನೋ ಸಡಿಲವಾಯಿತು. ನನ್ನೊಬ್ಬಳಿಗೆ ಬಿಟ್ಟು. ಮೂರನೆಯ ಏಟಿಗೆ ಉಂಡೆ ಎರಡಾಯಿತು. ನನಗೆ ಕೇಳಿದ ಆ ಸಣ್ಣ ಸದ್ದು ಬೇರೆ ಯಾರಿಗೂ ಕೇಳಿಸಿರಲಾರದು.

"ನಮಸ್ಕಾರ ಮಾಡು," ಅಂದಳು ಅಮ್ಮ.

ಬಗ್ಗಿದೆ. ಅವರ ಪಾದಗಳು ಕಣ್ಣ ಮುಂದಿದ್ದವು. ಹಿಮ್ಮಡಿ ಒಡೆದಿತ್ತು. ಬಲಗಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಕಪ್ಪಾಗಿತ್ತು. ಕಬ್ಬಿಣದ ತುಂಡು ಬಿದ್ದಿರಬೇಕು. ಹೊಸ ಗಾಯವೇನಲ್ಲ, ತಿಂಗಳುಗಳ ಹಳೆಯದು. ಒಂದೂವರೆ ತಿಂಗಳು ಬೆಳಿಗ್ಗೆ ಸಂಜೆ ಅವರನ್ನೇ ನೋಡಿದ್ದೆ. ಆ ಉಗುರನ್ನು ನೋಡಿರಲಿಲ್ಲ. ಇವರಿಗೆ ನೋವಾಗಿತ್ತು, ಚಪ್ಪಲಿ ಹಾಕಿಕೊಂಡು ಪೆಡಲ್ ತುಳಿಯುವಾಗ ಪ್ರತಿದಿನ ನೋವಾಗುತ್ತಿತ್ತು, ನಾನು ಅವರ ಬೆಲ್ಲನ್ನು ಎಣಿಸುತ್ತಿದ್ದೆ. ಆಗ ನನಗೆ ಮೊದಲ ಬಾರಿ ನಾಚಿಕೆಯಾಯಿತು.

ಬೆನ್ನಿಗೆ ಹಗುರವಾಗಿ ಒಂದು ಗುದ್ದು ಬಿತ್ತು. "ಚೆನ್ನಾಗಿ ಓದಮ್ಮಾ," ಅಂದರು. ಒಳ್ಳೆ ಗಂಡ ಸಿಗಲಿ ಎಂದು ಹರಸುವುದು ವಾಡಿಕೆ. ಅವರಿಗೆ ತೋಚಿದ್ದು ಅದು.

ಓನರಮ್ಮ ತಂಬಿಟ್ಟು ತಿನ್ನುತ್ತ ಅಮ್ಮನಿಗೆ ಹೇಳಿದರು, "ಇರ್ಲಿ ಬಿಡಮ್ಮಾ ಹುಡುಗ. ಪಾಪ, ಎಲ್ಲಿ ಹುಡುಕ್ತಾನೆ ಮನೇನ."

ಅಲ್ಲಿಗೆ ನನ್ನ ಹುಚ್ಚು ಬಿಟ್ಟಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಬಿಡಲಿಲ್ಲ. ಏಳು ಇಪ್ಪತ್ತಕ್ಕೆ ಕಿವಿ ತಾನಾಗಿ ನಿಮಿರುತ್ತಿತ್ತು. ಆದರೆ ಅರ್ಥ ಕಟ್ಟುವ ಆಟ ನಿಂತಿತ್ತು. ಅಂಗಿ ಬರೀ ಅಂಗಿಯಾಗಿ ಒಣಗುತ್ತಿತ್ತು. ಅವರು ಈಗ "ಏನಮ್ಮಾ ಪುಟ್ಟಿ" ಎಂದು ಮಾತಾಡಿಸುತ್ತಿದ್ದರು, ನಾನು ಉತ್ತರ ಕೊಡುವಷ್ಟು ಕಲಿತೆ. ದಸರಾ ರಜೆಯ ಒಂದು ದಿನ ಕುಂಟೆಬಿಲ್ಲೆ ಆಡಿ ಒಳಗೆ ಬಂದು ಕೈಕಾಲು ತೊಳೆಯುವಾಗ, ಅವರು ಬಂದರೋ ಇಲ್ಲವೋ ಗಮನಿಸಿಯೇ ಇಲ್ಲ ಎಂದು ಹೊಳೆಯಿತು. ಮರುವರ್ಷ ಅವರ ಕೆಲಸ ಕಾಯಂ ಆಗಿ, ತಾಯಿ ತಂಗಿಯರನ್ನು ಕರೆಸಿಕೊಂಡು ದೊಡ್ಡ ಮನೆಗೆ ಹೋದರು.

ಈಗ ನನಗೆ ಮೂವತ್ತು ಹತ್ತಿರವಾಗುತ್ತಿದೆ. ವಠಾರ ಇದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಕಳೆದ ತಿಂಗಳು ವಿಜಯನಗರದ ಬಸ್ ನಿಲ್ದಾಣದಲ್ಲಿ ಗಂಗಾಧರ ಸಿಕ್ಕಿದರು. ಮೂಡಲಪಾಳ್ಯದಲ್ಲಿ ಸ್ವಂತ ಮನೆ ಕಟ್ಟಿದ್ದಾರಂತೆ. ಕೈ ಹಿಡಿದುಕೊಂಡು ಆರು ವರ್ಷದ ಮಗಳಿದ್ದಳು. ಮೊದಲು ಅಮ್ಮನನ್ನು ಕೇಳಿದರು. ಅಮ್ಮ ಹೋಗಿ ಎರಡು ವರ್ಷವಾಯಿತು ಎಂದೆ.

"ಆಗ ನಿಮ್ಮಮ್ಮ ಕರೀದೆ ಇದ್ದಿದ್ರೆ ನಾನು ವಾಪಸ್ ಊರಿಗೇ ಹೋಗ್ಬೇಕಾಗಿತ್ತು. ಅವತ್ತು ನೀನು ಹೆದರಿ ಸುಮ್ನಿದ್ದೆ, ಆದ್ರೆ ಅದಕ್ಕೂ ಮುಂಚೆ ಯಾರು ನನ್ ಮೇಲೆ ಚಾಡಿ ಹೇಳಿದ್ರೋ ಇವತ್ತಿಗೂ ಗೊತ್ತಿಲ್ಲ."

ಅಮ್ಮ ಇದ್ದಿದ್ದರೆ ಅವರಿಗೂ ನೋವಾಗದಂತೆ, ನನಗೂ ಆಗದಂತೆ ಏನಾದರೂ ಒಂದು ದಾರಿ ಹುಡುಕುತ್ತಿದ್ದಳು. ನನಗೆ ಆ ಜಾಣತನ ಬಂದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಯಾರೂ ಚಾಡಿ ಹೇಳಲಿಲ್ಲ, ನಾನು ದಾರಿ ತಪ್ಪಿರಲಿಲ್ಲ, ಬಾಯಿ ಬಿಟ್ಟು ಹೇಳಬೇಕಾದವಳು ಎರಡು ದಿನ ಸುಮ್ಮನಿದ್ದೆ.

ಅವರು ನನ್ನ ಮುಖ ನೋಡಿದರು. ಕೋಪಕ್ಕಾಗಿ ಕಾದೆ.

"ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಹೊಸಿಲಿಗೆ ಕರೆದ್ರಾ..." ಮಗಳ ತಲೆಯ ಮೇಲೆ ಕೈಯಿಟ್ಟರು. "ನಮ್ಮನೇಲೂ ಹೆಣ್ಮಗು ಬೆಳೀತಿದೆ. ಅಷ್ಟು ಗಟ್ಟಿತನ ನಮಗೆ ಇರತ್ತೋ ಇಲ್ವೋ." ಅಷ್ಟರಲ್ಲಿ ಅವರ ಬಸ್ಸು ಬಂತು.

ಆ ಮಳೆಗಾಲದಿಂದ ಇಲ್ಲಿಯವರೆಗೆ ನಾನು ಕಳೆದುಕೊಂಡದ್ದನ್ನು ಎಣಿಸಿದರೆ ಗಂಗಾಧರ ಅದರಲ್ಲಿ ಬರುವುದಿಲ್ಲ. ಅವರು ಎಂದೂ ನನ್ನವರಾಗಿರಲಿಲ್ಲ. ಆ ಎರಡು ದಿನ ನಾನು ಎಂಥವಳಾಗಿದ್ದೆನೆಂದು ಕಣ್ಣಾರೆ ಕಂಡವಳು ಒಬ್ಬಳಿದ್ದಳು. ಆಮೇಲೆ ನಾನು ಎಷ್ಟೋ ಸಲ ಅವಳೊಡನೆ ಜಗಳವಾಡಿದೆ, ಎದುರುತ್ತರ ಕೊಟ್ಟೆ, ದೂರದ ಹಾಸ್ಟೆಲ್ ಸೇರಿ ತಿಂಗಳುಗಟ್ಟಲೆ ಕಾಗದ ಬರೆಯದೆ ಇದ್ದೆ. ಯಾವ ಸಿಟ್ಟಿನಲ್ಲೂ ಅವಳು ಆ ಸಂಗತಿಯನ್ನು ನನ್ನ ಮೇಲೆ ಎತ್ತಿ ಆಡಲಿಲ್ಲ. ಈಗ ನನ್ನನ್ನು ಬಲ್ಲವರು ಎಷ್ಟೋ ಜನ ಇದ್ದಾರೆ. ಎಲ್ಲರೆದುರೂ ನಾನು ಎಚ್ಚರದಿಂದಿರುತ್ತೇನೆ. ತಪ್ಪು ಮಾಡಿ ಬಂದು ಎಣ್ಣೆತಲೆಯನ್ನು ಬಗ್ಗಿಸಿ ಕೂರಬಹುದಾದ ಜಾಗ ಒಂದೇ ಇತ್ತು. ಅದು ಈಗಿಲ್ಲ.